ಘಾಟಿ ಇಳಿಯುವ ಲಾರಿಗೆ ಫೋನ್ ಮ್ಯಾಪ್: ಕೆಲವು ವರ್ಷ ಬಳಸಿದ ಮೇಲೆ

ಬಯಲು ಸೀಮೆಗೆ ಐದಕ್ಕೆ ಐದು. ಘಾಟಿಗೆ ಎರಡೂವರೆ, ಅದೂ ಸ್ವಲ್ಪ ಧಾರಾಳವಾಗಿಯೇ.

ನನ್ನದು ಹತ್ತು ಚಕ್ರದ ಲಾರಿ. ಶಿವಮೊಗ್ಗದಿಂದ ಮಂಗಳೂರಿಗೆ ಲೋಡು, ಪಣಂಬೂರು ಬಂದರಿನಿಂದ ವಾಪಸ್ ಗೊಬ್ಬರ. ಎರಡು ಕಡೆಯೂ ಲೋಡಿನ ಜೊತೆಗೇ ಘಟ್ಟ ದಾಟಬೇಕು. ಮ್ಯಾಪಿನ ಹೆಸರು ಬೇಡ, ಎಲ್ಲರ ಫೋನಿನಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ದೊಡ್ಡ ತಕರಾರು ಒಂದೇ. ನೀವು ಲಾರಿ ಓಡಿಸುತ್ತಿದ್ದೀರಿ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಬೈಕಿಗೆ ಬೇರೆ ದಾರಿ ಕೇಳಬಹುದು, ಲಾರಿಗೆ ಕೇಳುವಂತಿಲ್ಲ. ಶಿವಮೊಗ್ಗ–ಮಂಗಳೂರು ಅಂತ ಹಾಕಿದರೆ ತೀರ್ಥಹಳ್ಳಿ, ಆಗುಂಬೆ, ಹೆಬ್ರಿ ಅಂತ ನೀಲಿ ಗೆರೆ ಎಳೆದುಬಿಡುತ್ತದೆ. ಕಾರಿಗೆ ಅದು ಸರಿ. ಆದರೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಭಾರೀ ವಾಹನ ಬಿಡುವುದಿಲ್ಲ. ಚಾರ್ಮಾಡಿಯಲ್ಲೂ 2019ರಲ್ಲಿ ಗುಡ್ಡ ಕುಸಿದ ಮೇಲೆ ದೊಡ್ಡ ಲಾರಿಗೆ ಬಾಗಿಲು ಮುಚ್ಚಿದೆ. ಹೊಸ ಡ್ರೈವರ್ ಮ್ಯಾಪ್ ನಂಬಿ ಹೋದರೆ ಚೆಕ್‌ಪೋಸ್ಟಿನಿಂದ ತಿರುಗಿ ಬರಬೇಕಾಗುತ್ತದೆ.

ನಮಗೆ ಉಳಿಯುವುದು ಎರಡು ದಾರಿ. ಒಂದು ಮಾಸ್ತಿಕಟ್ಟೆಯ ಮೇಲೆ ಹುಲಿಕಲ್ ಘಾಟಿ ಇಳಿದು, ಹೊಸಂಗಡಿ, ಸಿದ್ದಾಪುರ ದಾಟಿ ಕುಂದಾಪುರಕ್ಕೆ. ಇನ್ನೊಂದು ಕಡೂರು, ಅರಸೀಕೆರೆ, ಹಾಸನ ಸುತ್ತಿ ಸಕಲೇಶಪುರದಿಂದ ಶಿರಾಡಿ. ಕಿಲೋಮೀಟರ್ ನೋಡಿದರೆ ಹುಲಿಕಲ್ ತುಂಬಾ ಹತ್ತಿರ. ಮ್ಯಾಪು ಹೇಳುವ ಟೈಮ್ ನೋಡಿದರೂ ಅದೇ ಗೆಲ್ಲುತ್ತದೆ. ಆದರೆ ಆ ಟೈಮ್ ಕಾರಿನದ್ದು. ತುಂಬಿದ ಲಾರಿ ಹುಲಿಕಲ್‌ನಲ್ಲಿ ಎರಡನೇ ಗೇರಿನಲ್ಲಿ ತೆವಳುತ್ತದೆ. ತಿರುವಿನಲ್ಲಿ ಎದುರಿಂದ ಬಸ್ ಬಂತೋ, ಇಬ್ಬರಲ್ಲಿ ಒಬ್ಬರು ನಿಲ್ಲಲೇಬೇಕು. ಇಳಿಜಾರಿನಲ್ಲಿ ಹಾಗೆ ನಿಲ್ಲಿಸಿ ಹೊರಟಾಗೆಲ್ಲ ಬ್ರೇಕ್ ಡ್ರಮ್ ಬಿಸಿಯಾಗುತ್ತದೆ.

2018ರಲ್ಲಿ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿದರು. ಘಾಟಿಗಳ ಇಳಿಜಾರು ಇದ್ದ ಹಾಗೇ ಇದೆ! ಅಷ್ಟು ಭಾರವನ್ನು ಬರೀ ಬ್ರೇಕಿನ ಮೇಲೆ ಇಳಿಸಿದರೆ ಡ್ರಮ್ಮಿಗೆ ಒತ್ತಿ ಹಿಡಿಯುವ ಬ್ರೇಕ್ ಲೈನರ್ ಕಾದು ಹಿಡಿತ ಹೋಗುತ್ತದೆ. ಪೆಡಲ್ ಒತ್ತುತ್ತೀರಿ, ಏರ್ ಪ್ರೆಶರ್ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಅದಕ್ಕೇ ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ, ಎಕ್ಸಾಸ್ಟ್ ಬ್ರೇಕ್ (ಹೊಗೆ ಹೋಗುವ ದಾರಿ ಅಡ್ಡಗಟ್ಟಿ ಎಂಜಿನ್ನಿಂದಲೇ ಗಾಡಿ ತಡೆಯುವುದು) ಹಾಕಿ, ಕಾಲು ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ಮುಟ್ಟುವುದು. ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡುವವರು ಈಗಲೂ ಇದ್ದಾರೆ. ಈಗಿನ ಎಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನಿಗೆ ಡೀಸೆಲ್ ಹೋಗುವುದು ತಾನೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಡೀಸೆಲ್ ಜಾಸ್ತಿ ಸುಡುವುದು. ಎಕ್ಸಾಸ್ಟ್ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ.

ಮ್ಯಾಪಿನಲ್ಲಿ ಇದಕ್ಕೆ ಸಹಾಯ ಆಗುವುದು ಟೆರೇನ್ ನೋಟ ಒಂದೇ. ಎತ್ತರದ ಗೆರೆಗಳು ಒತ್ತೊತ್ತಾಗಿ ಇರುವ ಕಡೆ ಗುಡ್ಡ ಕಡಿದು. ರಸ್ತೆ ಆ ಗೆರೆಗಳನ್ನು ಬೇಗ ಬೇಗ ದಾಟಿದರೆ ಇಳಿಜಾರು ಜೋರು ಅಂತಲೇ ಲೆಕ್ಕ. ಹೊಸ ದಾರಿ ಹಿಡಿಯುವಾಗ ಮನೆಯಲ್ಲೇ ಕೂತು ಇದನ್ನು ನೋಡಿಕೊಳ್ಳುತ್ತೇನೆ. ಹಾಗೇ ಸ್ಯಾಟಲೈಟ್ ನೋಟದಲ್ಲಿ ಘಾಟಿಯ ತಲೆಯಲ್ಲಿ ಲಾರಿ ನಿಲ್ಲಿಸಲು ಜಾಗ ಇದೆಯಾ ಅಂತಲೂ ಹುಡುಕುತ್ತೇನೆ. ಹುಲಿಕಲ್‌ನಲ್ಲಿ ಆ ಚಿಂತೆ ಇಲ್ಲ, ಚಂಡಿಕಾಂಬಾ ಗುಡಿ ಹತ್ತಿರ ಎಲ್ಲರೂ ನಿಲ್ಲಿಸಿ ಕೈಮುಗಿಯುತ್ತಾರೆ. ಹಾಗೇ ಟೈರು ಒಂದು ಸಲ ನೋಡಿಕೊಂಡರಾಯಿತು.

ಶಿರಾಡಿ ಬೇರೆ ಲೆಕ್ಕ. 2015 ಮತ್ತು 2018ರಲ್ಲಿ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದ ಮೇಲೆ ಅಲ್ಲಿ ಗುಂಡಿಯ ಕಾಟ ಕಡಿಮೆ. ರಸ್ತೆ ಅಗಲ, ತಿರುವು ಉದ್ದ, ಒಂದೇ ಗೇರಿನಲ್ಲಿ ಇಳಿಯಬಹುದು. ಸುತ್ತು ಬಳಸಿದರೂ ಭರ್ತಿ ಲೋಡಿಗೆ ನಾನು ಆರಿಸುವುದು ಇದನ್ನೇ. ಲೈನರ್ ಎಷ್ಟು ಬಾಳುತ್ತದೆ ಅಂತ ಲೆಕ್ಕ ಹಾಕಿದರೆ ಆ ಡೀಸೆಲ್ ಖರ್ಚು ಅಷ್ಟೇನೂ ದೊಡ್ಡದಲ್ಲ. ಅರ್ಧ ಲೋಡು, ಒಣ ರಸ್ತೆ, ಹಗಲು ಹೊತ್ತು ಇದ್ದರೆ ಹುಲಿಕಲ್ ಪರವಾಗಿಲ್ಲ.

ಶಿರಾಡಿಯಲ್ಲಿ ಮ್ಯಾಪು ನಿಜವಾಗಿ ದುಡಿಯುತ್ತದೆ. ದೋಣಿಗಾಲ್ ಆಚೆ ಕೆಂಪು ಕಂಡರೆ ಸಕಲೇಶಪುರದಲ್ಲೇ ಊಟ ಮುಗಿಸುತ್ತೇನೆ. ಆದರೆ ಜಾಮ್ ಆದಾಗ ಅದು ಬಿಸಿಲೆ ಕಡೆ ತಿರುಗಿಸಲು ನೋಡುತ್ತದೆ. ಆ ಕಿರಿದಾದ ಕಾಡುದಾರಿಗೆ ತುಂಬಿದ ಲಾರಿ ನುಗ್ಗಿಸಿದರೆ ಹಿಂದೆ ಬರಲೂ ಜಾಗ ಸಿಗುವುದಿಲ್ಲ. ‘ಇಷ್ಟು ನಿಮಿಷ ಉಳಿತಾಯ’ ಅಂತ ಬಂದ ಕೂಡಲೇ ಬೇಡ ಅಂತ ಒತ್ತಿಬಿಡಿ. ಮಾರನಹಳ್ಳಿ ಕೆಳಗೆ ಸಿಗ್ನಲ್ ಸಿಗುವ ನಂಬಿಕೆ ಇಲ್ಲ, ಹಾಗಾಗಿ ಆಫ್‌ಲೈನ್ ಮ್ಯಾಪ್ ಮೊದಲೇ ಇಳಿಸಿಕೊಂಡಿರಿ.

ಮಳೆಗಾಲದಲ್ಲಿ ಮಾತ್ರ ನಾನು ಫೋನಿನಲ್ಲಿ ಮ್ಯಾಪ್ ಬಿಟ್ಟು ಬೇರೆ ಡ್ರೈವರ್‌ಗಳ ನಂಬರ್ ಒತ್ತುತ್ತೇನೆ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲು ಹತ್ತಿರ ಗುಡ್ಡ ಜಾರಿದಾಗ ಶಿರಾಡಿ ದಾರಿ ಬಂದ್, ಓಪನ್, ಮತ್ತೆ ಬಂದ್. ಜಿಲ್ಲಾಧಿಕಾರಿಗಳ ಆದೇಶ ಮ್ಯಾಪಿಗೆ ಮುಟ್ಟುವ ಹೊತ್ತಿಗೆ ಲಾರಿ ಸಾಲು ನಿಂತಾಗಿರುತ್ತದೆ. ಗುಂಡ್ಯದಿಂದ ಆಗಷ್ಟೇ ಹತ್ತಿ ಬಂದ ಡ್ರೈವರ್ ಸಿಕ್ಕರೆ ಎರಡು ಮಾತು ಸಾಕು: ಮಂಜು ಇದೆಯಾ, ಲೋಡ್ ಗಾಡಿ ಬಿಡ್ತಿದ್ದಾರಾ?