ಮೊನಾಕೊ ಟ್ರ್ಯಾಕಿನಲ್ಲಿ ತಲೆಸುತ್ತು: ವಿದ್ಯಾನಗರದ ಒಂದು ರೇಸಿಂಗ್ ಸಿಮ್ಯುಲೇಟರ್ ಕೇಂದ್ರ

ದಾವಣಗೆರೆಯ ವಿದ್ಯಾನಗರದಲ್ಲಿರುವ ಒಂದು ರೇಸಿಂಗ್ ಸಿಮ್ಯುಲೇಟರ್ ಕೇಂದ್ರಕ್ಕೆ, ಅಂದರೆ ಪರದೆಯ ಮುಂದೆ ಕೂತು ನಿಜವಾದ ಸ್ಟೀರಿಂಗ್ ಹಿಡಿದು ರೇಸ್ ಕಾರಿನ ಆಟ ಆಡುವ ಜಾಗಕ್ಕೆ, ಎರಡು ಭಾನುವಾರ ಹೋಗಿ ಬಂದೆ. ಅರ್ಧ ಗಂಟೆಗೆ 200 ರೂಪಾಯಿ. ಸ್ಟೀರಿಂಗಿನ ಹಿಡಿತದಲ್ಲಾಗಲಿ ಬ್ರೇಕ್ ಪೆಡಲಿನ ಬಿಗುವಿನಲ್ಲಾಗಲಿ ಕೊರತೆ ಹೇಳುವಂತಿಲ್ಲ. ಆದರೆ ಮೊದಲ ದಿನ, 19 ತಿರುವುಗಳ ಮೊನಾಕೊ ಟ್ರ್ಯಾಕಿನ ನಾಲ್ಕನೆಯ ಸುತ್ತಿಗೆ ಬರುವಷ್ಟರಲ್ಲಿ ಆಕಳಿಕೆ ಶುರುವಾಗಿ, ಬಾಯಲ್ಲಿ ನೀರೂರಿ, ಕುತ್ತಿಗೆಯ ಹಿಂದೆ ತಣ್ಣನೆಯ ಬೆವರೊಡೆದು, ಹೊರಗಿನ ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ತಲೆ ಹಿಡಿದು ಕೂರಬೇಕಾಯಿತು. ಹೊರಡುವ ಮುನ್ನ ಎರಡು ಬೆಣ್ಣೆದೋಸೆ ತಿಂದದ್ದು ಮಾತ್ರ ನನ್ನದೇ ತಪ್ಪು.

ಅಲ್ಲಿನ ಹುಡುಗ "ಹೊಸಬ್ರಿಗೆ ಹಂಗೇ ಸಾರ್, ರೂಢಿ ಆಗುತ್ತೆ" ಎಂದು ವಾಂತಿಯ ಮಾತ್ರೆಯೊಂದನ್ನು ಮುಂದೆ ಹಿಡಿದ. ನಾನು ತೆಗೆದುಕೊಳ್ಳಲಿಲ್ಲ. ಪ್ರಯಾಣದ ವಾಂತಿಗೆ ಕೊಡುವ ಪ್ರೊಮೆಥಜೀನ್‌ನಂತಹ ಔಷಧಗಳು ತೂಕಡಿಕೆ ತರುತ್ತವೆ; ಆಮೇಲೆ ಬೈಕ್ ಓಡಿಸಿಕೊಂಡು ಮನೆಗೆ ಹೋಗಬೇಕಾದವನಿಗೆ ಅದು ತಕ್ಕ ಉಪಚಾರವಲ್ಲ.

ಆಗುಂಬೆ ಘಾಟಿಯಲ್ಲಿ ಹಿಂದಿನ ಸೀಟಿನವರು ವಾಂತಿ ಮಾಡಿಕೊಂಡರೂ ಚಾಲಕನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಏಕೆಂದರೆ ತಿರುವು ಬರುವುದು ಅವನಿಗೆ ಮೊದಲೇ ತಿಳಿದಿರುತ್ತದೆ ಮತ್ತು ಅವನ ಕಣ್ಣು ಕಂಡದ್ದನ್ನೇ, ದೇಹದ ಅಲುಗಾಟವನ್ನು ಗ್ರಹಿಸುವ ಒಳಗಿವಿಯೂ ಹೇಳುತ್ತಿರುತ್ತದೆ. ಸಿಮ್ಯುಲೇಟರಿನಲ್ಲಿ ಸ್ಟೀರಿಂಗ್ ನಮ್ಮದೇ ಕೈಯಲ್ಲಿದ್ದರೂ, ಕಣ್ಣು ಕಾರು ಹೊರಳಿತೆಂದು ಹೇಳುವಾಗ ಒಳಗಿವಿಯ ಅರ್ಧವರ್ತುಲ ನಾಳಗಳು ಅಲುಗಾಟವೇ ಇಲ್ಲವೆನ್ನುತ್ತವೆ. ಈ ತಕರಾರೇ ಹೊಟ್ಟೆ ತೊಳಸುವುದಕ್ಕೆ ಮೂಲ. ನಿಜವಾದ ರೇಸ್ ಕಾರಿನಲ್ಲಿ ಈ ತಕರಾರು ಕಡಿಮೆ, ಆದರೆ ಹೆಲ್ಮೆಟ್ಟಿನೊಳಗಿನ ಸೆಕೆ, ಬೆವರಿ ನೀರು ಕಳೆದುಕೊಳ್ಳುವುದು ಮತ್ತು ತಿರುವುಗಳಲ್ಲಿ ಕುತ್ತಿಗೆಯ ಮೇಲೆ ಬೀಳುವ ಭಾರ ಬೇರೆಯದೇ ಕಾಟ ಕೊಡುತ್ತವೆ.

ಎರಡನೆಯ ಭಾನುವಾರ ಟೇಪು ಒಯ್ದೆ. 32 ಇಂಚಿನ ಪರದೆಯ ಅಗಲ ಸುಮಾರು 71 ಸೆಂ.ಮೀ.; ಸೀಟು ಅದರಿಂದ 120 ಸೆಂ.ಮೀ. ಹಿಂದಿತ್ತು. ಅಷ್ಟು ದೂರದಿಂದ ಪರದೆ ಕಣ್ಣಿಗೆ ತುಂಬುವುದು 33 ಡಿಗ್ರಿಯಷ್ಟು ಮಾತ್ರ. ಆಟದಲ್ಲಿ ಇಟ್ಟಿದ್ದ ನೋಟ, ಅಂದರೆ ಎಡದಿಂದ ಬಲಕ್ಕೆ ಪರದೆಯೊಳಗೆ ತೋರಿಸುವ ದೃಶ್ಯದ ಅಗಲ, 90 ಡಿಗ್ರಿ! ಹೀಗಿದ್ದರೆ ಪರದೆಯ ಅಂಚಿನಲ್ಲಿ ರಸ್ತೆ ಹಿಗ್ಗಿ, ಕಾರು ಹೊರಳಿದಷ್ಟೇ ದೃಶ್ಯ ಹೊರಳಿದಂತೆ ಕಾಣುವುದಿಲ್ಲ. ಸೀಟನ್ನು 65 ಸೆಂ.ಮೀ.ಗೆ ಎಳೆಸಿ, ನೋಟವನ್ನು 57 ಡಿಗ್ರಿಗೆ ಇಳಿಸಿ, ಕ್ಯಾಮೆರಾ ಅಲುಗಾಟವನ್ನು ನಿಲ್ಲಿಸಿ, ಮುಖಕ್ಕೆ ಒಂದು ಮೇಜುಫ್ಯಾನ್ ತಿರುಗಿಸಿಕೊಂಡೆ. ಉದ್ದನೆಯ ನೇರ ದಾರಿಗಳಿರುವ ಇಟಲಿಯ ಮಾಂಜಾ ಟ್ರ್ಯಾಕನ್ನು ಆರಿಸಿಕೊಂಡು, ಬಾನೆಟ್ಟನ್ನಲ್ಲದೆ ಮುಂದಿನ ತಿರುವನ್ನೇ ನೋಡುತ್ತ ಹತ್ತು ಹತ್ತು ನಿಮಿಷದಂತೆ ಓಡಿಸಿದೆ. ಒಂದೇ ಒಂದು ಆಕಳಿಕೆ ಬಂತು, ಕೂಡಲೇ ಎದ್ದುಬಿಟ್ಟೆ. ಆಕಳಿಕೆ ಬಂದ ಮೇಲೂ ಹಟಕ್ಕೆ ಬಿದ್ದು ಓಡಿಸಿದರೆ ರೂಢಿಯಾಗುವ ಬದಲು ಮುಂದಿನ ಬಾರಿ ಸೀಟು ಕಂಡರೇ ವಾಕರಿಕೆ ಬರಬಹುದು.

ಮಾಲೀಕರು ಅಳತೆಯನ್ನು ಬರೆದುಕೊಂಡರು, ಆದರೆ ಕಿಟಕಿ ಪಕ್ಕದ ಒಂದು ಸೀಟನ್ನು ಮಾತ್ರ ಸರಿಪಡಿಸಿದ್ದಾರೆ. ಅಲ್ಲಿಗೆ ಹೋಗುವವರು ಅದನ್ನೇ ಕೇಳಿ ಪಡೆಯಬೇಕು.