ಫ್ರೀಜರ್ ಟ್ರೇ ಊಟವೋ ಮನೆಯ ಡಬ್ಬಿಯೋ: ಅಮೆರಿಕದ ಆಫೀಸ್ ಮಧ್ಯಾಹ್ನಕ್ಕೆ ಯಾವುದು ಒಗ್ಗುತ್ತದೆ

ಅಂಗಡಿಯ ಫ್ರೀಜರಿನಲ್ಲಿ ಟ್ರೇಯಲ್ಲಿ ಸಿಗುವ ಡಯಟ್ ಊಟದ ದೊಡ್ಡ ಲಾಭ ಅಳತೆ. ಪೆಟ್ಟಿಗೆಯ ಮೇಲೆ 280 ಕ್ಯಾಲೊರಿ ಎಂದಿದ್ದರೆ ಊಟ ಅಷ್ಟಕ್ಕೇ ಮುಗಿಯಿತು, ಎರಡನೇ ಸಲ ಬಡಿಸಿಕೊಳ್ಳಲು ಅಲ್ಲಿ ಏನೂ ಉಳಿದಿರುವುದಿಲ್ಲ. ಮನೆಯ ಡಬ್ಬಿಗೆ ಆ ಕಡಿವಾಣವಿಲ್ಲ. ಅನ್ನವನ್ನು ಸೌಟಿನಿಂದ ಒತ್ತಿ ತುಂಬಿದರೆ ಒಂದೇ ಡಬ್ಬಿಯಲ್ಲಿ ಒಂದೂವರೆ ಊಟ ಕೂರುತ್ತದೆ. ಆದರೆ ಹನ್ನೆರಡೂವರೆಗೆ ಟ್ರೇ ಮುಗಿಸಿದವರಿಗೆ ಮೂರು ಗಂಟೆಗೆಲ್ಲ ಹೊಟ್ಟೆ ಚುರುಗುಟ್ಟುತ್ತದೆ, ಆಫೀಸ್ ಪ್ಯಾಂಟ್ರಿಯ ಚಿಪ್ಸ್ ಪೊಟ್ಟಣಕ್ಕೆ ಕೈ ಹೋಗುತ್ತದೆ. ಉಳಿಸಿದ ಕ್ಯಾಲೊರಿ ಅಲ್ಲಿಗೆ ವಾಪಸ್ ಬಂತು. ಹಾಗಾಗಿ ಈ ಎರಡನ್ನೂ ಇಲ್ಲಿ ಅಳೆದಿರುವುದು ಒಂದೇ ಮಾನದಂಡದಿಂದ: ಸಂಜೆ ಆರರವರೆಗೆ ಹೊಟ್ಟೆಯಲ್ಲಿ ನಿಲ್ಲುವ ಊಟ ಯಾವುದು?

ಅಂಗಡಿಯ ಸಾಲಿನಲ್ಲಿ ಮುಖ್ಯವಾಗಿ ಕಾಣುವ ಹೆಸರುಗಳು ಹಳೆಯವೇ. ಲೀನ್ ಕ್ವಿಸೀನ್ 1981ರಲ್ಲಿ ಬಂತು. ಕಾನ್‌ಆಗ್ರಾ ಕಂಪನಿಯ ಮುಖ್ಯಸ್ಥರಾಗಿದ್ದ ಮೈಕ್ ಹಾರ್ಪರ್ ಅವರಿಗೆ 1985ರಲ್ಲಿ ಹೃದಯಾಘಾತವಾಯಿತು. ಆಮೇಲೆ ಆ ಕಂಪನಿ ತಂದದ್ದು ಹೆಲ್ತಿ ಚಾಯ್ಸ್. ಕ್ಯಾಲಿಫೋರ್ನಿಯಾದಲ್ಲಿ 1987ರಲ್ಲಿ ಶುರುವಾದ ಏಮೀಸ್ ಪೂರ್ತಿ ಸಸ್ಯಾಹಾರಿ, ಅದರಲ್ಲಿ ಸೋಡಿಯಂ ಕಡಿಮೆ ಮಾಡಿದ ಸಾಲೂ ಇದೆ. ಬೆಲೆ ಹೆಚ್ಚುಕಡಿಮೆ 3ರಿಂದ 6 ಡಾಲರ್. ತೂಕ ಸಾಮಾನ್ಯವಾಗಿ 8ರಿಂದ 10 ಔನ್ಸ್, ಅಂದರೆ 230ರಿಂದ 280 ಗ್ರಾಂ. ಹೊಟ್ಟೆ ತುಂಬದಿರುವುದಕ್ಕೆ ಅರ್ಧ ಕಾರಣ ಈ ತೂಕವೇ. ಒಂದು ದೊಡ್ಡ ಬಟ್ಟಲು ಹುಳಿ ಒಂದೇ 400 ಗ್ರಾಂ ತೂಗುತ್ತದೆ.

ಪೆಟ್ಟಿಗೆಯ ಮುಂಭಾಗದ ಚಿತ್ರವನ್ನು ಬಿಟ್ಟು ಹಿಂದಿನ ಪಟ್ಟಿಯಲ್ಲಿ ಮೂರು ಸಂಖ್ಯೆ ನೋಡಿದರೆ ಸಾಕು. ಪ್ರೋಟೀನ್ 15 ಗ್ರಾಂಗೆ ಕಡಿಮೆ ಇರಬಾರದು. ನಾರು 5 ಗ್ರಾಂ ಇರಲಿ. ಸೋಡಿಯಂ 600 ಮಿಲಿಗ್ರಾಂ ದಾಟಬಾರದು. ದಿನವೊಂದಕ್ಕೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಟ್ಟಿರುವ ಮಿತಿ 2300 ಮಿಲಿಗ್ರಾಂ, ಅದರ ಕಾಲು ಭಾಗ ಮಧ್ಯಾಹ್ನದ ಊಟಕ್ಕೆ ಬಿಟ್ಟರೆ ನ್ಯಾಯ. ಮೂರನ್ನೂ ಒಟ್ಟಿಗೆ ಪಾಲಿಸುವ ಟ್ರೇ ಹುಡುಕಲು ಹೊರಟರೆ ಸಾಲಿನ ಬಹುಪಾಲು ಪೆಟ್ಟಿಗೆಗಳು ಅಲ್ಲೇ ಉಳಿಯುತ್ತವೆ, ಮುಖ್ಯವಾಗಿ ನಾರಿನ ಲೆಕ್ಕದಲ್ಲಿ. ಪಾಸ್ತಾ, ಬಿಳಿ ಅನ್ನ, ತೆಳು ಸಾಸ್ ಇರುವ ಕಡೆ ನಾರು ಎಲ್ಲಿಂದ ಬರಬೇಕು? ಬೀನ್ಸ್, ಮಸೂರ, ಕಡಲೆಕಾಳು, ಕಿನೋವಾ ಇರುವ ಬೌಲ್‌ಗಳು ವಾಸಿ. ಸಿಹಿ-ಹುಳಿ ಸಾಸ್, ಟೆರಿಯಾಕಿ ಎಂದಿರುವ ಕಡೆ ಹೊರಗಿನಿಂದ ಸೇರಿಸಿದ ಸಕ್ಕರೆಯ ಸಾಲನ್ನೂ ಓದಿ.

ಸಸ್ಯಾಹಾರಿಗಳು ಪದಾರ್ಥಗಳ ಪಟ್ಟಿಯನ್ನು ಕೊನೆಯ ಪದದವರೆಗೆ ಓದಲೇಬೇಕು. ತರಕಾರಿಯ ಹೆಸರಿರುವ ಊಟದ ಸಾಸಿನಲ್ಲಿ ಚಿಕನ್ ಬ್ರಾತ್, ಅಂದರೆ ಕೋಳಿ ಬೇಯಿಸಿದ ರಸ, ಇರುವುದುಂಟು. ಪಾರ್ಮೆಸಾನ್ ಮಾದರಿಯ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ವಾಡಿಕೆ, ಮತ್ತು ಪಟ್ಟಿಯಲ್ಲಿ ಅದು ಬರೀ ಎನ್‌ಜೈಮ್ ಎಂದು ಕಾಣಿಸುತ್ತದೆ.

ಕ್ಯಾಲೊರಿ ಸಂಖ್ಯೆಯನ್ನು ಎಷ್ಟು ನಂಬಬಹುದು? ಎಫ್‌ಡಿಎ ನಿಯಮ ಶೇಕಡಾ 20ರವರೆಗೆ ಹೆಚ್ಚಿದ್ದರೂ ಒಪ್ಪುತ್ತದೆ. ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಸೂಪರ್‌ಮಾರ್ಕೆಟ್ಟಿನ ಫ್ರೋಜನ್ ಊಟಗಳು ಲೇಬಲ್ಲಿಗಿಂತ ಸರಾಸರಿ ಶೇಕಡಾ 8 ಹೆಚ್ಚಿದ್ದವು, ಹೋಟೆಲ್ ತಿಂಡಿಗಳು ಶೇಕಡಾ 18. ಅಂದರೆ 300 ಎಂದಿರುವುದು 325 ಆಗಬಹುದು. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೋಟೆಲಿಗೆ ಹೋಲಿಸಿದರೆ ಈ ಅಳತೆ ಎಷ್ಟೋ ನಿಯತ್ತಿನದು.

ರುಚಿ ಕೆಡುವುದು ಹೆಚ್ಚಾಗಿ ಕಾರ್ಖಾನೆಯಲ್ಲಲ್ಲ, ಆಫೀಸಿನ ಮೈಕ್ರೋವೇವಿನಲ್ಲಿ. ಪೆಟ್ಟಿಗೆಯ ಮೇಲಿನ ಸಮಯ ಸಾಮಾನ್ಯವಾಗಿ 1100 ವಾಟ್ ಯಂತ್ರಕ್ಕೆ ಬರೆದದ್ದು. ಪ್ಯಾಂಟ್ರಿಯ ಹಳೆಯ ಯಂತ್ರ 700 ಅಥವಾ 800 ವಾಟ್ ಇರಬಹುದು. ಬಾಗಿಲಿನ ಒಳ ಅಂಚಿನಲ್ಲೋ ಹಿಂಬದಿಯಲ್ಲೋ ಇರುವ ಚೀಟಿಯಲ್ಲಿ ನೋಡಿಕೊಳ್ಳಿ. ಲೆಕ್ಕ ಸುಲಭ: 1100ನ್ನು ಬರೆದ ನಿಮಿಷಗಳಿಂದ ಗುಣಿಸಿ, ನಿಮ್ಮ ಯಂತ್ರದ ವಾಟಿನಿಂದ ಭಾಗಿಸಿ. 5 ನಿಮಿಷದ ಊಟ 800 ವಾಟಿಗೆ 7 ನಿಮಿಷಕ್ಕೆ ಸ್ವಲ್ಪ ಕಡಿಮೆ, 700 ವಾಟಿಗೆ 8 ನಿಮಿಷಕ್ಕೆ ಸ್ವಲ್ಪ ಕಡಿಮೆ ಬೇಡುತ್ತದೆ.

ಅಂಚು ಕುದಿಯುತ್ತಿದ್ದರೂ ನಡುವೆ ಮಂಜುಗಡ್ಡೆ ಉಳಿಯಲು ಕಾರಣವಿದೆ. ಮೈಕ್ರೋವೇವ್ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ, ಮಂಜು ಹೀರುವುದು ತೀರಾ ಕಡಿಮೆ. ಅಂಚು ಮೊದಲು ಕರಗುತ್ತದೆ. ಕರಗಿದ್ದೇ ಶಾಖವನ್ನೆಲ್ಲ ಎಳೆದುಕೊಂಡು ಇನ್ನಷ್ಟು ಬಿಸಿಯಾಗುತ್ತದೆ. ಅದಕ್ಕೆ ಅರ್ಧ ಪವರ್‌ನಲ್ಲಿ ಮೊದಲು ಕರಗಿಸಿ, ಆಮೇಲೆ ಪೂರ್ತಿ ಪವರ್ ಕೊಡಿ. ಟ್ರೇಯನ್ನು ತಿರುಗುವ ತಟ್ಟೆಯ ನಟ್ಟನಡುವೆ ಇಡದೆ ಒಂದು ಬದಿಗೆ ಸರಿಸಿ. ನಡುವೆ ಒಮ್ಮೆ ಕಲಕಿ, ಮುಗಿದ ಮೇಲೆ ಎರಡು ನಿಮಿಷ ಮುಚ್ಚಿಯೇ ಬಿಡಿ, ಆ ಹೊತ್ತಿನಲ್ಲಿ ಶಾಖ ಒಳಗೆ ಹರಡುತ್ತದೆ. ನಡುವಿನ ಭಾಗ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹೆಲ್ತಿ ಚಾಯ್ಸ್‌ನ ಕೆಫೆ ಸ್ಟೀಮರ್ಸ್ ಮಾದರಿಯಲ್ಲಿ ಸಾಸ್ ಕೆಳಗೆ, ಅನ್ನ-ತರಕಾರಿ ಮೇಲಿನ ಜಾಳಿಗೆಯಲ್ಲಿ ಇರುತ್ತದೆ. ಸಾಸಿನ ಹಬೆಯಲ್ಲಿ ತರಕಾರಿ ಬೇಯುವುದರಿಂದ ಮುದ್ದೆಯಾಗುವುದಿಲ್ಲ. ಈ ವಿನ್ಯಾಸ ನಿಜಕ್ಕೂ ಮೆಚ್ಚುವಂಥದ್ದು. ಅಕ್ಕಿಯ ಬದಲು ಹೂಕೋಸಿನ ತರಿ ಹಾಕಿದ ಬೌಲ್‌ಗಳು ಮಾತ್ರ ನೀರು ಬಿಟ್ಟುಕೊಂಡು ಸಾಸನ್ನು ತೆಳ್ಳಗೆ ಮಾಡುತ್ತವೆ, ಹೇಗೆ ಬಿಸಿ ಮಾಡಿದರೂ ಅಷ್ಟೆ.

ಇನ್ನು ಡಬ್ಬಿಯ ಪಾಳಿ. ಮನೆಯದು ಎಂದ ಮಾತ್ರಕ್ಕೆ ಡಯಟ್ ಊಟವಾಗುವುದಿಲ್ಲ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪುಳಿಯೋಗರೆ, ಚಿತ್ರಾನ್ನದ ಡಬ್ಬಿ ತುಂಬಾ ಅನ್ನ ಮತ್ತು ಎಣ್ಣೆ. ಪ್ರೋಟೀನ್ ಅಂದರೆ ಅದರಲ್ಲಿರುವ ನಾಲ್ಕು ಕಡಲೆಬೀಜ. ಒಂದು ಟೇಬಲ್ ಚಮಚ ಎಣ್ಣೆಗೆ 120 ಕ್ಯಾಲೊರಿ. ಟ್ರೇಯನ್ನು ಸೋಲಿಸಬೇಕಾದರೆ ಬೇಳೆ, ಕಾಳು, ಸೊಪ್ಪು ಮುಂದೆ ಬರಬೇಕು. ನಮ್ಮ ಅಡುಗೆಯಲ್ಲಿ ಫ್ರೀಜರಿಗೆ ಅತ್ಯಂತ ಚೆನ್ನಾಗಿ ಒಗ್ಗುವುದೂ ಅವೇ.

ಐದು ಡಬ್ಬಿ ತರಕಾರಿ ಹುಳಿಯ ಅಳತೆ ಹೀಗೆ. ತೊಗರಿಬೇಳೆ 250 ಗ್ರಾಂ. ಬೀನ್ಸ್, ಕ್ಯಾರೆಟ್, ನವಿಲುಕೋಸು ಸೇರಿ 750 ಗ್ರಾಂ. ತೆಂಗಿನತುರಿ 50 ಗ್ರಾಂ; ಇಂಡಿಯನ್ ಗ್ರೋಸರಿಯ ಫ್ರೋಜನ್ ತುರಿ ಆದೀತು, ಆದರೆ ಬಿಸಿನೀರಿನಲ್ಲಿ ಕರಗಿಸಿಕೊಂಡೇ ರುಬ್ಬಿ, ಗಡ್ಡೆಯಾಗಿಯೇ ಹಾಕಿದರೆ ಮಸಾಲೆ ತರಿತರಿಯಾಗುತ್ತದೆ. ಧನಿಯ 2 ಟೇಬಲ್ ಚಮಚ, ಕಡಲೆಬೇಳೆ 1 ಟೇಬಲ್ ಚಮಚ, ಉದ್ದಿನಬೇಳೆ 1 ಟೀ ಚಮಚ, ಮೆಂತ್ಯ ಕಾಲು ಟೀ ಚಮಚ, ಬ್ಯಾಡಗಿ ಮೆಣಸಿನಕಾಯಿ 8. ಹುರಿದು ತುರಿಯೊಂದಿಗೆ ನುಣ್ಣಗೆ ರುಬ್ಬಿ. ಬೇಳೆ ಪೂರ್ತಿ ಬೆಂದು ಕರಗಿರಲಿ. ತರಕಾರಿಯನ್ನು ಬೇರೆಯಾಗಿ ಮುಕ್ಕಾಲು ಮಾತ್ರ ಬೇಯಿಸಿ, ಉಳಿದ ಕಾಲು ಭಾಗ ಆಫೀಸಿನ ಮೈಕ್ರೋವೇವಿನಲ್ಲಿ ಬೇಯುತ್ತದೆ. ಸಣ್ಣ ನಿಂಬೆಗಾತ್ರದ ಹುಣಸೆಯ ರಸ ಹಾಕಿ ಎಲ್ಲವನ್ನೂ ಐದು ನಿಮಿಷ ಕುದಿಸಿ, ನೀರು ಸೇರಿ ಒಟ್ಟು ಎರಡು ಕಿಲೋ ಆಗಬೇಕು. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡರೆ ಕಳೆದು, ಐದರಿಂದ ಭಾಗಿಸಿ ಡಬ್ಬಿಗೆ ಸರಿಯಾಗಿ ತೂಗಬಹುದು. ಟ್ರೇಗೆ ಇರುವ ಅಳತೆಯ ಶಿಸ್ತು ಹೀಗೆ ಡಬ್ಬಿಗೂ ಬರುತ್ತದೆ.

ಉಪ್ಪಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಮಟ್ಟ ಟೀ ಚಮಚ ಉಪ್ಪು 6 ಗ್ರಾಂ, ಅದರಲ್ಲಿ ಸೋಡಿಯಂ ಸುಮಾರು 2300 ಮಿಲಿಗ್ರಾಂ. ಇಷ್ಟು ಹುಳಿಗೆ ಕೈಯಂದಾಜಿನಲ್ಲಿ ಎರಡು ಚಮಚ ಬಿದ್ದರೆ ಡಬ್ಬಿಗೆ 920 ಮಿಲಿಗ್ರಾಂ ಆಯಿತು. ಅಂಗಡಿಯ ಡಯಟ್ ಟ್ರೇಗಿಂತ ಅದೇ ಹೆಚ್ಚು, ಉಪ್ಪಿನಕಾಯಿಯ ಲೆಕ್ಕ ಇನ್ನೂ ಬೇರೆ. ಒಂದು ಚಮಚಕ್ಕೆ ನಿಲ್ಲಿಸಿದರೆ 460. ಹುಣಸೆ ಮತ್ತು ಧನಿಯ ತುಸು ಮುಂದಿದ್ದರೆ ಕಡಿಮೆ ಉಪ್ಪು ನಾಲಿಗೆಗೆ ಗೊತ್ತಾಗುವುದಿಲ್ಲ. ರೆಡಿ ಸಾಂಬಾರ್ ಪುಡಿ ಬಳಸುವವರು ಪೊಟ್ಟಣದ ಹಿಂದೆ ನೋಡಿ. ಕೆಲವದರಲ್ಲಿ ಉಪ್ಪು ಸೇರಿರುತ್ತದೆ.

ಹೀಗೆ ತೂಗಿದ ಒಂದು ಡಬ್ಬಿ ಹುಳಿಗೆ ಒಗ್ಗರಣೆಯೂ ಸೇರಿ ಸುಮಾರು 300 ಕ್ಯಾಲೊರಿ. 30 ಗ್ರಾಂ ಅಕ್ಕಿಯ ಅನ್ನಕ್ಕೆ 105. ಒಟ್ಟು 400ರ ಆಸುಪಾಸಿನಲ್ಲಿ 16 ಗ್ರಾಂ ಪ್ರೋಟೀನ್, 8-9 ಗ್ರಾಂ ನಾರು, ಅರ್ಧ ಕಿಲೋ ಊಟ. ನೂರು ಗ್ರಾಂ ಮೊಸರು ಸೇರಿಸಿದರೆ ಇನ್ನು 60 ಕ್ಯಾಲೊರಿ, ಮೂರೂವರೆ ಗ್ರಾಂ ಪ್ರೋಟೀನ್. ಟ್ರೇಗಿಂತ ನೂರು ಕ್ಯಾಲೊರಿ ಹೆಚ್ಚಿರಬಹುದು, ಆದರೆ ಮೂರು ಗಂಟೆಯ ಚಿಪ್ಸ್ ತಪ್ಪುತ್ತದೆ. ಖರ್ಚು ಐದು ಡಬ್ಬಿಗೆ ಎಂಟು ಡಾಲರ್ ದಾಟುವುದು ಕಷ್ಟ.

ಹೆಪ್ಪುಗಟ್ಟಿಸುವಾಗ ಆತುರ ಬೇಕು. ಬಿಸಿ ಪಾತ್ರೆಯನ್ನು ಒಲೆಯ ಮೇಲೇ ಮಧ್ಯಾಹ್ನವೆಲ್ಲ ಬಿಡುವುದು ಅತಿ ಸಾಮಾನ್ಯ ತಪ್ಪು. ಅಡುಗೆಯಾದ ಎರಡು ಗಂಟೆಯೊಳಗೆ ಅದು ತಂಪಿನೊಳಗೆ ಸೇರಬೇಕು. ಅನ್ನದಲ್ಲಂತೂ ಬೆಂದರೂ ಸಾಯದ, ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ, ಬೆಚ್ಚಗೆ ಬಿಟ್ಟಷ್ಟೂ ಅವು ಮೊಳೆತು ವಿಷ ಕೂಡಿಸುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಸಿಂಕಿನಲ್ಲಿ ಐಸ್ ನೀರು ತುಂಬಿ ಪಾತ್ರೆ ಇಳಿಸಿ ಕಲಕುತ್ತಿರಿ. ಆಮೇಲೆ ಎರಡು ಇಂಚಿಗಿಂತ ಆಳವಿಲ್ಲದ ಡಬ್ಬಿಗಳಿಗೆ ಹಾಕಿ, ಮೇಲೆ ಒಂದು ಸೆಂಟಿಮೀಟರ್ ಜಾಗ ಬಿಡಿ, ಹೆಪ್ಪುಗಟ್ಟುವಾಗ ನೀರು ಹಿಗ್ಗುತ್ತದೆ. ಫ್ರೀಜರ್ 0 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 18 ಸೆಲ್ಸಿಯಸ್‌ನಲ್ಲಿರಲಿ. ಸ್ಟೀಲ್ ಡಬ್ಬಿ ಮೈಕ್ರೋವೇವಿಗೆ ಹೋಗುವುದಿಲ್ಲ. ಗಾಜಿನದನ್ನು ಫ್ರೀಜರಿನಿಂದ ನೇರ ಬಿಸಿಗೆ ಇಟ್ಟರೆ ಸೀಳಬಹುದು, ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ. ತಳದಲ್ಲಿ 5 ಎಂಬ ಗುರುತಿರುವ ಪ್ಲಾಸ್ಟಿಕ್ ಆದೀತು, ಅರಿಸಿನದ ಕಲೆ ಮಾತ್ರ ಖಾಯಂ.

ಅನ್ನವನ್ನು ಫ್ರಿಜ್ಜಿನಲ್ಲಿ ಇಡುವುದಕ್ಕಿಂತ ಫ್ರೀಜರಿನಲ್ಲಿ ಇಡುವುದು ಮೇಲು. ಫ್ರಿಜ್ಜಿನ ತಂಪಿನಲ್ಲೇ ಪಿಷ್ಟ ಬೇಗ ಬಿರುಸಾಗಿ ಅಗುಳು ಕಲ್ಲಾಗುವುದು. ಫ್ರೀಜರಿನಲ್ಲಿ ಆ ಕ್ರಿಯೆ ನಿಂತೇ ಹೋಗುತ್ತದೆ. ಒಂದೊಂದು ಊಟದಷ್ಟನ್ನು ಚಪ್ಪಟೆಯಾಗಿ ಹಬೆಯಾರದಂತೆ ಮುಚ್ಚಿ ತಣಿಸಿ ಫ್ರೀಜರಿಗೆ ಹಾಕಿ. ಬಿಸಿ ಮಾಡುವಾಗ ಒಂದು ಚಮಚ ನೀರು ಚಿಮುಕಿಸಿದರೆ ಮಲ್ಲಿಗೆಯಂತೆ ಬಿಡಿಬಿಡಿಯಾಗಿ ಬರುತ್ತದೆ.

ಎಲ್ಲವೂ ಫ್ರೀಜರಿಗೆ ಒಗ್ಗುವುದಿಲ್ಲ. ಆಲೂಗಡ್ಡೆ ಮರಳು ಮರಳಾಗುತ್ತದೆ, ಮೊಸರಿನ ಮಜ್ಜಿಗೆಹುಳಿ ಒಡೆಯುತ್ತದೆ, ಸೌತೆ ಮತ್ತು ಸೋರೆ ನೀರಾಗುತ್ತವೆ. ಮುದ್ದೆ ಗಟ್ಟಿಯಾಗಿ ಸೀಳುಬಿಡುತ್ತದೆ. ಅದನ್ನು ಬಿಸಿಬಿಸಿ ಉಣ್ಣುವ ರಾತ್ರಿಗೆ ಬಿಡುವುದೇ ಸರಿ. ಬೀನ್ಸ್ ಪಲ್ಯ ತನ್ನ ಗರಿಮುರಿ ಕಳೆದುಕೊಳ್ಳುತ್ತದೆ, ಅದನ್ನು ಫ್ರಿಜ್ಜಿನಲ್ಲಿಟ್ಟು ಸೋಮವಾರ-ಮಂಗಳವಾರಕ್ಕೆ ಮುಗಿಸಿ. ಬಿಸಿಬೇಳೆಬಾತನ್ನು ತೆಳ್ಳಗೆ ಮಾಡಿ ಇಡಿ, ಅಕ್ಕಿ ನೀರು ಕುಡಿದು ಮಾರನೆಯ ದಿನ ಇಟ್ಟಿಗೆಯಾಗುತ್ತದೆ. ಮಸ್ಸೊಪ್ಪಿನಷ್ಟು ಚೆನ್ನಾಗಿ ನಿಲ್ಲುವ ಅಡುಗೆ ಇನ್ನೊಂದಿಲ್ಲ. ಫ್ರೋಜನ್ ಪಾಲಕ್‌ನ ಎರಡು ಪೊಟ್ಟಣದಲ್ಲೇ ಐದು ಡಬ್ಬಿಯಾಗುತ್ತದೆ. ಸೂರ್ತಿ ಲಿಲ್ವಾ ಎಂಬ ಹೆಸರಿನಲ್ಲಿ ಸಿಗುವ ಕಾಳು ನಮ್ಮ ಅವರೆಯ ಬಳಗದ್ದೇ, ಅದರ ಸಾರೂ ಫ್ರೀಜರಿನಲ್ಲಿ ಹಾಗೆಯೇ ಉಳಿಯುತ್ತದೆ. ಫ್ರೀಜರಿನಲ್ಲಿ ಮೊದಲು ಹೋಗುವುದು ಇಂಗು-ಸಾಸಿವೆಯ ಘಮ. ಆದ್ದರಿಂದ ಒಗ್ಗರಣೆ ಹಾಕದೆಯೇ ಇಟ್ಟು, ಬೆಳಿಗ್ಗೆ ಡಬ್ಬಿ ಕಟ್ಟುವಾಗ ಒಂದು ಟೀ ಚಮಚ ಎಣ್ಣೆಯ ಒಗ್ಗರಣೆಯನ್ನು ಮೇಲೆ ಸುರಿಯಿರಿ.

ಒಟ್ಟಿನಲ್ಲಿ ವಾರದ ನಾಲ್ಕು ದಿನ ಡಬ್ಬಿಗೇ ನಮ್ಮ ಮತ. ಆದರೂ ಆಫೀಸ್ ಫ್ರೀಜರಿನಲ್ಲಿ ಎರಡು ಟ್ರೇ ಇರಲಿ. ರಾತ್ರಿ ಸಾಫ್ಟ್‌ವೇರ್ ರಿಲೀಸ್ ಇದ್ದು ಬೆಳಿಗ್ಗೆ ಏನೂ ಆಗದ ದಿನ ಪಿಜ್ಜಾ ತರಿಸುವುದಕ್ಕಿಂತ ಅದು ನೂರು ಪಾಲು ವಾಸಿ. ಅಂದು ಟ್ರೇಯೊಂದನ್ನೇ ತಿನ್ನಬೇಡಿ. ಒಂದು ಕಪ್ ಬೇಯಿಸಿದ ಕಡಲೆಕಾಳೋ ಹೆಸರುಕಾಳಿನ ಉಸಲಿಯೋ ಫ್ರೀಜರಿನಲ್ಲಿದ್ದರೆ ಜೊತೆಗೆ ಬೆರೆಸಿ, 13-14 ಗ್ರಾಂ ಪ್ರೋಟೀನ್ ಮತ್ತು ಕೊರತೆ ಬಿದ್ದ ನಾರು ಅಲ್ಲೇ ಸೇರುತ್ತದೆ. ಟ್ರೇ ಕೊಳ್ಳುವಾಗ ಪೆಟ್ಟಿಗೆ ಅಲುಗಿಸಿ ನೋಡಿ: ಒಳಗಿನದು ಒಂದೇ ಮೂಲೆಗೆ ಗಡ್ಡೆಕಟ್ಟಿದ್ದರೆ ಅಥವಾ ಹೊರಗೆ ಮಂಜಿನ ಹರಳು ದಪ್ಪಗಿದ್ದರೆ ದಾರಿಯಲ್ಲಿ ಒಮ್ಮೆ ಕರಗಿದ್ದಿದೆ ಎಂದೇ ಲೆಕ್ಕ, ಬಿಟ್ಟುಬಿಡಿ. ಮನೆಯ ಡಬ್ಬಿಗೂ ಟೇಪಿನ ಮೇಲೆ ತಾರೀಖು ಬರೆದು ಅಂಟಿಸಿ, ಮೂರು ತಿಂಗಳೊಳಗೆ ಹಳೆಯದನ್ನು ಮೊದಲು ಖಾಲಿ ಮಾಡಿ.