ಬೆಲ್ಟ್, ಇನ್‌ಸೋಲ್, ಜೈರೋ ಚೀಲ: ಸಮತೋಲನಕ್ಕೆ ಯಾವುದು?

ಸಮತೋಲನ ತಪ್ಪುವವರಿಗೆಂದು ರೂಪಿಸುವ ಸಾಧನಗಳಲ್ಲಿ ಮೂರು ಬಗೆಯವನ್ನು ಧರಿಸಿ, ನಿಂತು, ನಡೆದು ಹೋಲಿಸಿದೆವು. ಬೆಲ್ಟ್ ಎಚ್ಚರಿಸುತ್ತದೆ, ಇನ್‌ಸೋಲ್ (ಶೂ ಒಳಗಿನ ಮೆತ್ತೆ) ಪಾದದ ಸ್ಪರ್ಶವನ್ನು ಚುರುಕಾಗಿಸುತ್ತದೆ, ಜೈರೋ ಚೀಲ (ಒಳಗೆ ಚಕ್ರ ತಿರುಗುವ, ಬೆನ್ನಿಗೆ ಕಟ್ಟುವ ಚೀಲ) ವಾಲುವ ದೇಹವನ್ನೇ ಕೊಂಚ ತಡೆಯುತ್ತದೆ. ರೋಗಿಯಲ್ಲಿ ಕುಂದಿರುವುದು ಏನೆಂದು ತಿಳಿಯದೆ ಇವುಗಳಲ್ಲಿ ಒಂದನ್ನು ಆರಿಸಲಾಗದು.

ನಿಧಾನವಾಗಿ ತೂಗಾಡುವವರಿಗೆ, ಅಭ್ಯಾಸ ಮಾಡಿಸಲು, ನಮ್ಮ ಮೊದಲ ಆಯ್ಕೆ ಕಂಪನ ಬೆಲ್ಟ್. ಸೊಂಟದ ಹಿಂದೆ ಚಲನೆಯ ಸೆನ್ಸರ್. ಹೊಟ್ಟೆ, ಬೆನ್ನು, ಎರಡು ಪಕ್ಕೆಗಳಿಗೆ ಒಂದೊಂದು ಮೋಟರ್. ವಾಲಿದ ಕೋನಕ್ಕೆ ವಾಲುವ ವೇಗದ ಅರ್ಧವನ್ನು ಕೂಡಿಸಿ, ಮೊತ್ತ ಸುಮಾರು 1 ದಾಟಿದಾಗ ಆ ಕಡೆಯ ಮೋಟರ್ ಕಂಪಿಸಬೇಕು (ಕೋನ ಡಿಗ್ರಿಯಲ್ಲಿ, ವೇಗ ಸೆಕೆಂಡಿಗೆ ಡಿಗ್ರಿಯಲ್ಲಿ). ಮಿತಿ ತೀರಾ ಕಡಿಮೆಯಾದರೆ ಸುಮ್ಮನೆ ನಿಂತಾಗಲೂ ಗುಂಯ್‌ಗುಟ್ಟಿ, ಧರಿಸಿದವರು ಅದನ್ನು ಲೆಕ್ಕಿಸುವುದನ್ನೇ ಬಿಡುತ್ತಾರೆ. ಚರ್ಮಕ್ಕೆ ಚೆನ್ನಾಗಿ ತಿಳಿಯುವುದು 250 ಹರ್ಟ್ಸ್ ಆಸುಪಾಸಿನ ಕಂಪನ. ದಪ್ಪ ಬಟ್ಟೆಯ ಮೇಲೆ ಕಟ್ಟಿದರೆ ಅದೂ ಸತ್ತುಹೋಗುತ್ತದೆ.

ಕೆಡುವುದು ಎರಡು ಕಡೆ. ಮೋಟರಿನ ನಡುಕ ಸೆನ್ಸರಿಗೆ ಹರಿದು ಸುಳ್ಳು ವಾಲಿಕೆ ತೋರಿಸುತ್ತದೆ. ನಡುವೆ ಫೋಮ್ ಇಟ್ಟು, ಹೆಚ್ಚಿನ ಆವರ್ತನಗಳನ್ನು ಸೋಸಬೇಕು. ಕೂತು ಎದ್ದಾಗ ಬೆಲ್ಟ್ ಪಕ್ಕಕ್ಕೆ ತಿರುಗುವುದು ಅದಕ್ಕಿಂತ ಅಪಾಯ: ಹೊಟ್ಟೆಯ ಮೋಟರ್ ಪಕ್ಕೆಗೆ ಸರಿದು, ಮುಂದೆ ವಾಲಿದವರು ಅಡ್ಡಕ್ಕೆ ಸರಿಯುತ್ತಾರೆ. ಒಳಬದಿಗೆ ಸಿಲಿಕೋನ್ ಪಟ್ಟಿ, ಹೊಕ್ಕುಳ ನೇರಕ್ಕೆ ಬೆರಳಿಗೆ ಸಿಗುವ ಗುರುತು ಬೇಕು. ಬಕಲ್ ಒಂದೇ ಕೈಯಲ್ಲಿ ಹಾಕಲು ಬರಬೇಕು, ಇನ್ನೊಂದು ಕೈ ಗೋಡೆ ಹಿಡಿದಿರುತ್ತದೆ. ಆದರೆ ಕಂಪನ ಅರಿತು ಮೈ ತಿದ್ದಿಕೊಳ್ಳಲು 200 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಕಾಲು ಜಾರಿದಾಗ ಬೆಲ್ಟ್ ನೆರವಿಗೆ ಬಾರದು.

ಕಂಪಿಸುವ ಇನ್‌ಸೋಲ್ ಬಗ್ಗೆ ಅಮೆರಿಕದ ಎಂಜಿನಿಯರ್ ಜೇಮ್ಸ್ ಕಾಲಿನ್ಸ್ ತಂಡ 2003ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಬರೆದಿತ್ತು. ಅನುಭವಕ್ಕೆ ಬರುವ ಮಟ್ಟದ 90% ಬಲದಲ್ಲಿ ಅಂಗಾಲಿಗೆ ಗೊತ್ತುಗುರಿಯಿಲ್ಲದ ಕಂಪನ ಕೊಟ್ಟರೆ, ಒತ್ತಡದ ಸಣ್ಣ ಏರಿಳಿತವೂ ನರಕ್ಕೆ ತಿಳಿಯುತ್ತದೆ. ಕಲಿಯಬೇಕಾದ್ದೇನಿಲ್ಲ, ಅದೇ ಇದರ ಹಿರಿಮೆ. ಆ ಮಟ್ಟವನ್ನು ಮಾತ್ರ ನಿಂತೇ, ಅದೇ ಕಾಲುಚೀಲದಲ್ಲಿ, ಪ್ರತಿ ಪಾದಕ್ಕೂ ಬೇರೆಯಾಗಿ ಅಳೆಯಬೇಕು. ಸ್ಪರ್ಶ ಪೂರ್ತಿ ಹೋದ ಪಾದಕ್ಕೆ ಪ್ರಯೋಜನವಿಲ್ಲ.

ಜೈರೋ ಚೀಲದಲ್ಲಿ (ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹೈಕೆ ವ್ಯಾಲೆರಿ ತಂಡ ಇಂಥದ್ದನ್ನು ಬೆಳೆಸಿದೆ) ತಿರುಗುವ ಭಾರದ ಚಕ್ರವನ್ನು (ಫ್ಲೈವೀಲ್) ಓರೆಮಾಡಿ ಟಾರ್ಕ್, ಅಂದರೆ ತಿರುಗಿಸುವ ಬಲ, ಪಡೆಯುತ್ತಾರೆ. ಲೆಕ್ಕ ಹಾಕಿ ನೋಡಿ: 1.5 ಕೆಜಿ ತೂಕದ, 8 ಸೆಂಮೀ ತ್ರಿಜ್ಯದ ಬಳೆಯಾಕಾರದ ಚಕ್ರ ನಿಮಿಷಕ್ಕೆ 10,000 ಸುತ್ತಿದರೆ, ಸೆಕೆಂಡಿಗೆ 170 ಡಿಗ್ರಿ ಓರೆಮಾಡಿದಾಗ ಸಿಗುವುದು ಸುಮಾರು 30 ನ್ಯೂಟನ್-ಮೀಟರ್. 70 ಕೆಜಿ ದೇಹ, ಗುರುತ್ವ ಕೇಂದ್ರ 1 ಮೀಟರ್ ಎತ್ತರದಲ್ಲಿದ್ದು 5 ಡಿಗ್ರಿ ವಾಲಿದರೆ, ಉರುಳಿಸುವ ಟಾರ್ಕ್ ಅದರ ಇಮ್ಮಡಿ. ಸಾಲದ್ದಕ್ಕೆ, ಅರ್ಧ ಸೆಕೆಂಡಿನಲ್ಲಿ ಚಕ್ರ 90 ಡಿಗ್ರಿ ಓರೆಯಾಗಿ ಟಾರ್ಕ್ ಸೊನ್ನೆಗಿಳಿಯುತ್ತದೆ. ಹೀಗಾಗಿ ಇದು ಎತ್ತಿ ನಿಲ್ಲಿಸುವ ಸಾಧನವಲ್ಲ, ಹೆಜ್ಜೆ ಊರಲು ಚೂರು ಸಮಯ ಕೊಡುವ ಸಾಧನ. ಭುಜದ ಪಟ್ಟಿ ಸಡಿಲವಿದ್ದರೆ ತಿರುಗುವುದು ಚೀಲ, ಮೈಯಲ್ಲ. ಎದೆಗೂ ಸೊಂಟಕ್ಕೂ ಬಿಗಿದ ಗಟ್ಟಿ ಚೌಕಟ್ಟೇ ಬೇಕು. ತಡೆದ ಮೇಲೆ ಚಕ್ರ ಮೂಲಸ್ಥಾನಕ್ಕೆ ಮರಳುವಾಗ ಟಾರ್ಕ್ ಉಲ್ಟಾ ಬರುವುದರಿಂದ, ಅದನ್ನು ಹಲವು ಸೆಕೆಂಡುಗಳಿಗೆ ಹಂಚಿ ನಿಧಾನ ಮರಳಿಸಬೇಕು. ಮೇಲಿನಿಂದ ಕಟ್ಟಿದ ಸುರಕ್ಷಾ ಹಗ್ಗವಿಲ್ಲದೆ ರೋಗಿಗೆ ಇದನ್ನು ತೊಡಿಸಬಾರದು.